ಅಳಿಯನ ಕರುಳು

ಚಿಕ್ಕಪ್ಪನಿಗೆ,

‘ಪೂಜ್ಯ’ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ‘ಪ್ರೀತಿಯ’ ಎಂದು ಬರೆದರೆ ನಿಮಗೇ ನಗು ಬಂದೀತು. ಹಾಗಾಗಿ ಬರೀ ಚಿಕ್ಕಪ್ಪ. ಇಲ್ಲಿ ಅಪ್ಪನೂ ನಾನೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿರಬೇಕು ಎಂಬುದು ನನ್ನ ಆಸೆ. ಇದನ್ನು ಕಾಗದದ ಮೊದಲ ಸಾಲಿಗೆ ಬರೆಯುವ ವಾಡಿಕೆಯ ಮಾತು ಎಂದುಕೊಳ್ಳಬೇಡಿ. ನಿಮ್ಮ ಆರೋಗ್ಯ ನನಗೆ ನಿಜವಾಗಿಯೂ ಬೇಕಾಗಿದೆ. ಯಾಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿನ್ನೆ ಸಂಜೆ ನಿಮ್ಮ ಮಗಳು ಬಂದಿದ್ದಳು. ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದು ಕೂರಿಸಿದೆ. ಅವಳ ಮೇಲೆ ನನಗೆ ಕೋಪವಿಲ್ಲ, ಆ ಕಾಲದಲ್ಲಿ ಅವಳು ಹುಟ್ಟಿಯೇ ಇರಲಿಲ್ಲ. “ಅಪ್ಪಂಗೆ ಜ್ವರ ಅಕ್ಕಾ, ಅದಕ್ಕೇ ಸಭೆಗೆ ಬರಕ್ಕಾಗ್ಲಿಲ್ಲ. ಆಗಿದ್ದು ಆಗ್ಹೋಯ್ತು, ದೊಡ್ಡಪ್ಪಂಗೆ ಹೊಟ್ಟೆಗೆ ಹಾಕ್ಕೊಳ್ಳೋಕೆ ಹೇಳು ಅಂದ್ರು” ಎಂದು ಒಪ್ಪಿಸಿ ತಲೆ ತಗ್ಗಿಸಿದಳು. ಒಳಗಿನ ಕೋಣೆಯಲ್ಲಿದ್ದ ಅಪ್ಪನಿಗೂ ಕೇಳಿಸಿತು. ಅವರು ಹೊರಗೆ ಬರಲಿಲ್ಲ.

ಹೊಟ್ಟೆಗೆ ಹಾಕಿಕೊಳ್ಳಬೇಕಂತೆ! ಸತ್ತು ದಡಕ್ಕೆ ಬಿದ್ದ ಕಡಲಪ್ರಾಣಿಗಳ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ, ಯಾಕೆ ಸತ್ತಿತು ಎಂದು ಹುಡುಕುವುದು ನನ್ನ ಹೊಟ್ಟೆಪಾಡು. ಅಂಥವಳ ಮನೆಗೆ ಹೇಳಿ ಕಳಿಸಲು ನಿಮಗೆ ಇದೇ ಮಾತು ಸಿಕ್ಕಿತೇ ಚಿಕ್ಕಪ್ಪ? ಅದೂ ಮಗಳ ಕೈಯಲ್ಲಿ. ಸುಳ್ಳು ಹೇಳಿದ ದಿನ ನೀವು ಯಾರನ್ನೂ ಕಳಿಸಿರಲಿಲ್ಲ, ಖುದ್ದಾಗಿ ನಿಂತು ಹೇಳಿದ್ದಿರಿ, ಜೆಟ್ಟಿಯ ಆ ತುದಿಗೂ ಕೇಳಿಸುವ ಹಾಗೆ.

ಸಭೆಯಲ್ಲಿ ಏನಾಯಿತೆಂದು ನಿಮಗೆ ಈಗಾಗಲೇ ಒಬ್ಬೊಬ್ಬರು ಒಂದೊಂದು ಥರ ಹೇಳಿರುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಮೊದಲಿನಿಂದ. ಜ್ವರದಲ್ಲಿ ಮಲಗಿದವರಿಗೆ ಹೊತ್ತು ಹೋಗುವುದಿಲ್ಲ, ನಿಧಾನವಾಗಿ ಓದಿ.

ಅಳಿಯನಿಂದಲೇ ಶುರು ಮಾಡುತ್ತೇನೆ. ಎಲ್ಲಿಂದಲೋ ಬಂದು ನಮ್ಮ ಬಂದರಿನ ಕೊಲ್ಲಿಯಲ್ಲಿ ಸೇರಿಕೊಂಡ ಆ ಒಂಟಿ ಡಾಲ್ಫಿನ್‌ಗೆ ಹೆಸರಿಟ್ಟವರು ನೀವೇ. ಕರೆಯದೆ ಬಂತು, ಮೀನಿನ ದೋಣಿಗಳು ಮರಳುವ ಹೊತ್ತಿಗೆ ಸರಿಯಾಗಿ ಊಟಕ್ಕೆ ಹಾಜರಾಗುತ್ತಿತ್ತು, ಹೊರಡುವ ಮಾತೇ ಎತ್ತಲಿಲ್ಲ. “ಇದು ಡಾಲ್ಫಿನ್ ಅಲ್ಲ ಕಣ್ರೋ, ಮನೆ ಅಳಿಯ!” ಎಂದು ನೀವು ಹೇಳಿದ್ದಕ್ಕೆ ಇಡೀ ಜೆಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿರಲಿಲ್ಲ. ಹೊಟ್ಟೆ ಸೀಳಿದ ದಿನ ಹೆಣ್ಣು ಎಂದು ತಿಳಿಯಿತು, ಆದರೆ ಅಷ್ಟು ಹೊತ್ತಿಗೆ ಹೆಸರು ಬದಲಿಸುವ ಮನಸ್ಸು ಯಾರಿಗೂ ಉಳಿದಿರಲಿಲ್ಲ.

ಆಗ ನೀವಿಬ್ಬರೂ ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದಿರಿ. ಅಪ್ಪ ಚುಕ್ಕಾಣಿಯಲ್ಲಿ, ನೀವು ಹಗ್ಗ ಎಸೆದು ಟಿಕೆಟ್ ಹರಿಯುವ ಕೆಲಸದಲ್ಲಿ. ರಜೆಯ ದಿನಗಳಲ್ಲಿ ನಾನು ದೋಣಿಯಲ್ಲೇ ಇರುತ್ತಿದ್ದೆ. ಚುಕ್ಕಾಣಿಗೆ ಎದುರಾಗಿ ಒಂದು ಸಣ್ಣ ಬೆಂಚು ಇತ್ತಲ್ಲ, ಎಂಜಿನ್ನಿನ ಹೊಗೆ ಮುಖಕ್ಕೇ ಬರುತ್ತದೆಂದು ಯಾರೂ ಕೂರದ ಬೆಂಚು, ಅದು ನನ್ನದು. ಅಲ್ಲಿ ಕೂತರೆ ಹೋಗುವ ದಾರಿ ಕಾಣುವುದಿಲ್ಲ, ದೋಣಿ ನಡೆಸುವವನ ಮುಖ ಮಾತ್ರ ಕಾಣುತ್ತದೆ. ಅಪ್ಪನ ಮುಖ ನೋಡುತ್ತಲೇ ನಾನು ಆ ಕೊಲ್ಲಿಯನ್ನು ಎಷ್ಟು ಸಲ ದಾಟಿದ್ದೇನೋ. ಆ ಬೆಂಚು ಇವತ್ತಿಗೂ ಇದೆ. ಅದನ್ನು ನೆನಪಿನಲ್ಲಿಡಿ.

ಅಳಿಯನಿಗೆ ನಮ್ಮ ದೋಣಿಯೇ ಆಗಬೇಕು. ಚುಕ್ಕಾಣಿಗೆ ಮೈ ಉಜ್ಜುವುದು, ಅಡ್ಡ ಬರುವುದು, ಹತ್ತುವವರ ಮೇಲೆ ನೀರು ಎರಚುವುದು. ಅಪ್ಪ ಕೊಕ್ಕೆ ಕೋಲು ಎತ್ತಿ ಆಡಿಸುತ್ತ “ಏಯ್ ಅಳಿಯ, ಮಾವನ ಮನೆ ಅಂದ್ಕೊಂಡ್ಯಾ? ಆಚೆ ನಡಿ!” ಎಂದು ಗದರುತ್ತಿದ್ದರು. ಅದು ಬಾಯಿ ತೆರೆದು ಕಿರ್ರೆನ್ನುತ್ತಿತ್ತು. ದಿನನಿತ್ಯದ ಆಟ. ಆ ಆಟವನ್ನೇ ನೀವು ಒಂದು ದಿನ ಅಪ್ಪನ ಕೊರಳಿಗೆ ಸುತ್ತಿದಿರಿ.

ನನಗೆ ಈಜು ಕಲಿಸಿದವರೂ ನೀವೇ. ಗದ್ದದ ಕೆಳಗೆ ಅಂಗೈ ಇಟ್ಟು “ಉಸಿರು ಎಳ್ಕೋ ಮರೀ, ನಾನಿದೀನಲ್ಲ, ಮುಳುಗಕ್ಕೆ ಬಿಡ್ತೀನಾ?” ಎನ್ನುತ್ತಿದ್ದಿರಿ. ಆಗ ನಿಮ್ಮನ್ನು ‘ನೀನು’ ಎಂದೇ ಕರೆಯುತ್ತಿದ್ದೆ. ಈಗಿನ ‘ನೀವು’ ಮರ್ಯಾದೆಯದ್ದಲ್ಲ, ನಡುವೆ ಇಟ್ಟುಕೊಂಡ ಅಂತರದ್ದು. ಮುಳುಗುವವರ ಗದ್ದ ಎತ್ತಿ ಹಿಡಿಯುವುದು ಹೇಗಿರುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು ಚಿಕ್ಕಪ್ಪ? ಅದಕ್ಕೇ ನಿಮ್ಮನ್ನು ಕ್ಷಮಿಸಲು ಆಗುವುದಿಲ್ಲ.

ಆ ಮಧ್ಯಾಹ್ನ ಆಚೆ ದಡದಲ್ಲಿ ಜನರಿರಲಿಲ್ಲ, ಖಾಲಿ ದೋಣಿ ಹಿಂತಿರುಗುತ್ತಿತ್ತು. ಹಿಂದಿನ ದಿನವಷ್ಟೇ ನೀವು ಚುಕ್ಕಾಣಿ ಕೇಳಿದ್ದಿರಿ. ಅಪ್ಪ ದೋಣಿ ತುಂಬ ಜನರಿದ್ದಾಗಲೇ “ನಿಂಗಿನ್ನೂ ಕೈ ಕೂಡಿಲ್ಲ, ಹಗ್ಗ ನೋಡ್ಕೋ” ಎಂದುಬಿಟ್ಟಿದ್ದರು. ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು, ಒಪ್ಪುತ್ತೇನೆ. ಅದಕ್ಕೆ ಮುಖ ಊದಿಸಿಕೊಳ್ಳಬಹುದಿತ್ತು, ಜಗಳವಾಡಬಹುದಿತ್ತು, ಊಟ ಬಿಡಬಹುದಿತ್ತು. ಅಣ್ಣ ತಮ್ಮಂದಿರ ನಡುವೆ ಇರುವಂಥದ್ದೇ ಅದು.

ಕೊಲ್ಲಿಯ ನಡುವೆ ಅಳಿಯ ಬಂತು. ನಾನು ಅವತ್ತು ದೋಣಿಯಲ್ಲಿರಲಿಲ್ಲ, ಅಪ್ಪ ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಅವತ್ತು ಆಟಕ್ಕೆ ಬಂದಿರಲಿಲ್ಲ. ಮೈಯನ್ನು ಬಿಲ್ಲಿನ ಹಾಗೆ ಬಾಗಿಸುತ್ತಿತ್ತು, ಮಗ್ಗುಲಾಗಿ ಹೊರಳುತ್ತಿತ್ತು, ಬಾಲ ಬಡಿಯುತ್ತಿತ್ತು, ಆಮೇಲೆ ಬಡಿಯುವುದಕ್ಕೂ ಶಕ್ತಿಯಿಲ್ಲದೆ ತಲೆ ನೀರಿನೊಳಗೆ ಇಳಿಯತೊಡಗಿತು. ಅಪ್ಪ ಚುಕ್ಕಾಣಿ ನಿಮ್ಮ ಕೈಗೆ ಕೊಟ್ಟು “ಎಂಜಿನ್ ನಿಲ್ಸು” ಎಂದರು. ನೀವು ನಿಲ್ಲಿಸಿದಿರಿ. ಅಪ್ಪ ಬಗ್ಗಿ, ಕೋಲನ್ನು ಅಡ್ಡಲಾಗಿ ಅದರ ಗಂಟಲ ಕೆಳಗೆ ತೂರಿಸಿ, ನೆತ್ತಿಯ ಮೇಲಿನ ಉಸಿರಿನ ತೂತು ನೀರಿನಿಂದ ಮೇಲಿರುವ ಹಾಗೆ ಎತ್ತಿ ಹಿಡಿದರು. ಕೈ ಸೋಲುವವರೆಗೆ ಹಿಡಿದರು. ನೀವು ಕೈಯಳತೆಯಲ್ಲೇ ಇದ್ದಿರಿ, ಎಲ್ಲವನ್ನೂ ನೋಡಿದಿರಿ. ಜೆಟ್ಟಿಯ ಮೇಲಿದ್ದವರಿಗೆ ದೂರದಿಂದ ಕಂಡದ್ದು ಒಂದು ಕೋಲು, ಒದ್ದಾಡುವ ಪ್ರಾಣಿ ಮತ್ತು ಎಗರುವ ನೀರು, ಅಷ್ಟೇ.

ಅದನ್ನು ಮೆಲ್ಲಗೆ ಎಳೆದುಕೊಂಡು ದಡ ಮುಟ್ಟುವಷ್ಟರಲ್ಲಿ ಅದು ಸತ್ತಿತ್ತು. ಅಪ್ಪ ಸೊಂಟದವರೆಗಿನ ನೀರಿನಲ್ಲಿ ನಿಂತು ಅದನ್ನು ಬಿಡಲಾರದೆ ಹಿಡಿದುಕೊಂಡಿದ್ದರು. ಜನ ಸೇರಿದರು. ಯಾರೋ “ಏನಾಯ್ತೋ?” ಎಂದು ಕೂಗಿದರು. ಜೆಟ್ಟಿಯ ಮೇಲೆ ಹತ್ತಿ ನಿಂತಿದ್ದವರು ನೀವು. ನಾನು ನಿಮ್ಮ ಪಕ್ಕದಲ್ಲೇ ಇದ್ದೆ, ಶಾಲೆಯ ಚೀಲ ಹೆಗಲಲ್ಲಿತ್ತು. ನೀವು ಹೇಳಿದಿರಿ: “ಅಣ್ಣಂಗೆ ರೇಗಿಹೋಯ್ತು. ಕೋಲು ತಗೊಂಡು ಹೊಟ್ಟೆಗೇ ಹೊಡೆದ್ಬಿಟ್ಟ. ನಾನು ಬೇಡ ಬೇಡ ಅಂದೆ.”

ಆ ‘ಬೇಡ ಬೇಡ ಅಂದೆ’ ಎಂಬುದನ್ನು ನಾನು ಮರೆತ ದಿನವಿಲ್ಲ. ಅಣ್ಣನನ್ನು ಕೆಟ್ಟವನನ್ನಾಗಿ ಮಾಡಿದ್ದು ಸಾಲಲಿಲ್ಲವೇ? ಅದೇ ಉಸಿರಿನಲ್ಲಿ ನೀವು ಒಳ್ಳೆಯವರೂ ಆಗಬೇಕಿತ್ತೇ? ಅಪ್ಪ ನೀರಿನಿಂದಲೇ ತಲೆ ಎತ್ತಿ ನಿಮ್ಮನ್ನು ನೋಡಿದರು. “ಎತ್ತಿ ಹಿಡ್ದಿದ್ದೆ ಕಣೋ...” ಎಂದರು. ಅದು ನಿಮಗೆ ಮಾತ್ರ ಹೇಳಿದ್ದು. ಬೇರೆಯವರು ಆಗಲೇ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದರು.

ಬಂದರಿನ ವಸ್ತುಸಂಗ್ರಹಾಲಯದ ಡಾಕ್ಟರು ಬಂದರು. ಸತ್ತ ಕಡಲಪ್ರಾಣಿಗಳನ್ನು ಕೊಯ್ದು ನೋಡುವ ಕೆಲಸ ಆಗ ಅವರದ್ದು, ಈಗ ನನ್ನದು. ಅವರು ಚಾಕು ತೆಗೆಯುವ ಮೊದಲೇ ನೀವು ಹತ್ತಿರ ಹೋಗಿ ಅದೇ ಮಾತು ಹೇಳಿದಿರಿ. ಎಲ್ಲಿ ಹೊಡೆದದ್ದೆಂದು ನಿಮ್ಮ ಹೊಟ್ಟೆಯನ್ನೇ ಮುಟ್ಟಿ ತೋರಿಸಿದಿರಿ. ಜೆಟ್ಟಿಯ ಮೇಲೇ ತಾಡಪಾಲು ಹಾಸಿ, ಊರೆಲ್ಲ ನೋಡುತ್ತಿರುವಾಗ ಅವರು ಹೊಟ್ಟೆ ಸೀಳಿದರು. ಕೆಂಪು ನೀರು ಹರಿಯಿತು. ಒಳಗೆ ಕರುಳೆಲ್ಲ ಕಪ್ಪಗೆ, ರಕ್ತ ತುಂಬಿ ಊದಿಕೊಂಡಿತ್ತು. ಅವರು ಎರಡೂ ಕೈಯಿಂದ ಅಷ್ಟನ್ನೂ ಬುಡಸಮೇತ ಒಟ್ಟಿಗೆ ಎತ್ತಿ ಜನರಿಗೆ ತೋರಿಸಿದರು. “ಪೆಟ್ಟೇ ಇದು” ಎಂದರು. ಹೆಂಗಸರು ಅತ್ತರು, ಫೋಟೋದವರು ಫೋಟೋ ತೆಗೆದರು, ಯಾರೋ ಅಪ್ಪನ ಮೇಲೆ ಉಗುಳಿದರು.

ಮುಂದಿನದೆಲ್ಲ ನಿಮಗೆ ಅನುಕೂಲವಾಗಿಯೇ ನಡೆಯಿತು. ಅಪ್ಪನ ಪರವಾನಗಿ ಹೋಯಿತು. “ಮನೆ ದೋಣಿ ಹೊರಗಿನವ್ರ ಪಾಲಾಗಬಾರ್ದು” ಎಂದು ನೀವು ದೊಡ್ಡ ಮನಸ್ಸು ಮಾಡಿ ಚುಕ್ಕಾಣಿ ಹಿಡಿದಿರಿ. ಕಾಲಕ್ರಮದಲ್ಲಿ ದೋಣಿಯವರ ಸಂಘದ ಅಧ್ಯಕ್ಷರೂ ಆದಿರಿ. ಅಪ್ಪ ಮಂಜುಗಡ್ಡೆಯ ಕಾರ್ಖಾನೆಗೆ ಸೇರಿದರು. ಅಲ್ಲಿ ಗಡ್ಡೆಗಳನ್ನು ಎಳೆಯುವುದು ಕಬ್ಬಿಣದ ಕೊಕ್ಕೆಯಲ್ಲೇ. ಕೆಲಸ ಬದಲಾದರೂ ಕೈಯಿಂದ ಕೊಕ್ಕೆ ತಪ್ಪಲಿಲ್ಲ ಎಂದು ಅಪ್ಪ ಒಮ್ಮೆ ನಗಲು ನೋಡಿದರು.

ಇನ್ನು ಅಮ್ಮನ ವಿಷಯ. ಇದನ್ನು ನೀವು ಯಾರಿಂದಲೂ ಕೇಳಿರುವುದಿಲ್ಲ. ಊರಿನವರು ದಿನವೂ ಅದನ್ನೇ ಹೇಳಿ ಹೇಳಿ, ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಕೇಳಿಬಿಟ್ಟಳು: “ನಿಜ ಹೇಳ್ರೀ, ನಾನೇನೂ ಅಂದ್ಕೊಳ್ಳಲ್ಲ. ಸಿಟ್ಟಲ್ಲಿ ಒಂದೇಟು ಬಿತ್ತಾ?” ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದರು. “ನೀನೂ ಕೇಳ್ಬಿಟ್ಯಲ್ಲ” ಎಂದರು. ಆಮೇಲೆ ಅವರಿಬ್ಬರ ನಡುವೆ ಉಪ್ಪು ಬೇಕಾ, ಬಾಗಿಲು ಹಾಕಿದ್ಯಾ ಎಂಬಷ್ಟೇ ಮಾತು ಉಳಿಯಿತು. ಕಾಯಿಲೆ ಬಿದ್ದಾಗ ಅಪ್ಪ ಅಮ್ಮನ ಸೇವೆಯನ್ನೆಲ್ಲ ಮಾಡಿದರು, ತಲೆ ಬಾಚುವುದನ್ನೂ. ಆದರೆ ಅಮ್ಮ ಆ ಅನುಮಾನವನ್ನು ಹೊತ್ತುಕೊಂಡೇ ಹೋದಳು. ಹೊಟ್ಟೆಗೆ ಹಾಕಿಕೊಳ್ಳಿ ಎಂದಿರಲ್ಲ, ಇದನ್ನು ಯಾರ ಹೊಟ್ಟೆಗೆ ಹಾಕಲಿ?

ಅಳಿಯನ ಕರುಳನ್ನು ಡಾಕ್ಟರು ಒಂದು ದೊಡ್ಡ ಗಾಜಿನ ಜಾಡಿಯಲ್ಲಿ, ಕೆಡದಂತೆ ಫಾರ್ಮಲಿನ್ ತುಂಬಿಸಿ, ವಸ್ತುಸಂಗ್ರಹಾಲಯದ ಹಜಾರದಲ್ಲಿ ಇಟ್ಟರು. ಗೋಡೆಗೆ ಅಂಟಿದ ಹಲಗೆಯ ಮೇಲೆ ಜಾಡಿ, ಪಕ್ಕದಲ್ಲಿ ಗೋಡೆಗೆ ಆನಿಸಿದ ಅಪ್ಪನ ಕೋಲು. ಕೆಳಗೆ ಬರೆದಿತ್ತು: ‘ಮನುಷ್ಯನ ಏಟಿಗೆ ಸಿಕ್ಕ ಮೂಕಪ್ರಾಣಿ’. ನಮ್ಮ ಶಾಲೆಯಿಂದ ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಹೋದರು. ಟೀಚರ್ ಆ ಸಾಲನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿದ ಮೇಲೆ ಅವರಿಗೆ ನನ್ನ ನೆನಪಾಯಿತು, ತಿರುಗಿ ನೋಡಿದರು. ತರಗತಿ ಪೂರ್ತಿ ತಿರುಗಿತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಆ ಕಪ್ಪು ಕರುಳನ್ನೇ ನೋಡುತ್ತ ನಿಂತೆ. ಆ ದಿನವೇ ನನ್ನ ಓದು ಏನೆಂದು ನಿಶ್ಚಯವಾಯಿತು ಎಂದರೆ ಕತೆ ಕಟ್ಟಿದಂತಾಗುತ್ತದೆ. ಆ ದಿನ ನಿಶ್ಚಯವಾದದ್ದು ನಿಮ್ಮ ಮೇಲಿನ ದ್ವೇಷ ಮಾತ್ರ. ಓದು ಅದರ ಹಿಂದೆ ಬಂತು.

ದೂರದ ದೇಶದಲ್ಲಿ ಪ್ರಾಣಿಗಳ ಡಾಕ್ಟರಾದೆ, ಕಡಲಪ್ರಾಣಿಗಳನ್ನು ಕೊಯ್ದು ನೋಡುವ ಕೆಲಸ ಕಲಿತೆ. ನಮ್ಮ ಗುರುಗಳು ಪ್ರತಿ ಸಲವೂ ಕೈಗೆ ತಟ್ಟಿ ಹೇಳುತ್ತಿದ್ದದ್ದು ಒಂದೇ: “ಕರುಳು ಎತ್ತಬೇಡ. ಮೊದಲು ಕೈ ಹಾಕಿ ಬುಡ ಮುಟ್ಟು.” ಡಾಲ್ಫಿನ್, ಸೀಲ್ ಎಂಬ ಕಡಲನಾಯಿ, ಇವುಗಳ ಕರುಳು ಬಹಳ ಉದ್ದ. ಅಷ್ಟೂ ಒಂದು ಕಿರಿದಾದ ಬುಡದಿಂದ ಜೋತಾಡುತ್ತಿರುತ್ತದೆ. ಒಮ್ಮೊಮ್ಮೆ ಆ ಬುಡವೇ ತಿರುಚಿಕೊಂಡುಬಿಡುತ್ತದೆ. ಯಾಕೆ ಎಂದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ತಿರುಚಿದರೆ ಒಳಗೆ ಹೋದ ರಕ್ತ ಹೊರಗೆ ಬರಲಾರದು, ಕರುಳು ಊದಿ, ಕಪ್ಪಾಗಿ, ಅಲ್ಲೇ ಸಾಯುತ್ತದೆ, ಜೊತೆಗೆ ಪ್ರಾಣಿಯೂ. ತೆರೆದ ಕಡಲಿನಲ್ಲಿ ಅದಕ್ಕೆ ಯಾವ ಮದ್ದೂ ಇಲ್ಲ. ಕರುಳನ್ನು ಆತುರದಲ್ಲಿ ಒಟ್ಟಿಗೆ ಬಾಚಿ ಎತ್ತಿದರೆ ಆ ತಿರುಚು ರಾಶಿಯೊಳಗೆ ಮರೆಯಾಗುತ್ತದೆ. ಆಗ ಕಾಣುವುದು ಕಪ್ಪು ಮತ್ತು ರಕ್ತ ಮಾತ್ರ, ಅದನ್ನು ಯಾರು ಬೇಕಾದರೂ ಪೆಟ್ಟು ಎನ್ನಬಹುದು.

ನಾನು ಮೊದಲ ಸಲ ತಿರುಚಿದ ಬುಡ ಮುಟ್ಟಿದ್ದು ಒಂದು ಸೀಲ್‌ನ ಹೊಟ್ಟೆಯಲ್ಲಿ. ಗ್ಲೌಸಿನ ಒಳಗೂ ಬೆರಳಿಗೆ ಗೊತ್ತಾಯಿತು. ಹೊರಗೆಲ್ಲೂ ಗಾಯವಿಲ್ಲ, ಒಳಗೆ ಕಪ್ಪು ಕರುಳು. ನಾನು ನೋಡುತ್ತಿದ್ದದ್ದು ಸೀಲ್ ಅನ್ನಲ್ಲ, ಶಾಲೆಯ ದಿನ ಕಂಡ ಆ ಜಾಡಿಯನ್ನು. ನಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಡಾಕ್ಟರರ ಜಾಗ ಖಾಲಿಯಾದಾಗ ನಾನು ಬಂದು ಸೇರಿದೆ. ‘ಊರಿನ ಮೇಲಿನ ಅಭಿಮಾನ’ ಎಂದು ಸಂಘದ ಸಭೆಯಲ್ಲಿ ನೀವೇ ಹೊಗಳಿದಿರಂತೆ. ನಾನು ಬಂದದ್ದು ಊರಿಗಲ್ಲ, ಜಾಡಿಗೆ.

ಬಂದ ಕೂಡಲೇ ಅದನ್ನು ಮುಟ್ಟಲು ಆಗಲಿಲ್ಲ. ಮೇಲಧಿಕಾರಿ “ಅದು ನಮ್ಮ ಹಜಾರದ ಹೆಸರುವಾಸಿ ವಸ್ತು, ಒಡೆದು ಗಿಡೆದೀತು” ಎಂದರು. ಕಾದೆ. ಕಾಯುವುದು ನಮ್ಮ ಮನೆಯವರಿಗೆ ಅಭ್ಯಾಸವಾಗಿತ್ತು. ಈ ವರ್ಷ ಹಜಾರಕ್ಕೆ ಸುಣ್ಣ ಬಣ್ಣ ಮಾಡಿಸಲು ಎಲ್ಲವನ್ನೂ ಕೆಳಗಿಳಿಸಿದರು. ಜಾಡಿಯನ್ನು ಕಿಟಕಿಯ ಬಳಿ ಮೇಜಿನ ಮೇಲೆ ಇಡಿಸಿದೆ. ಬಟ್ಟೆಯಿಂದ ಒರೆಸಿದೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ.

ಇಷ್ಟು ವರ್ಷ ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಅದು ಇತ್ತು ಚಿಕ್ಕಪ್ಪ. ಕರುಳಿನ ಬುಡ, ಹಿಂಡಿದ ಒದ್ದೆ ಪಂಚೆಯ ಹಾಗೆ, ಬಿಗಿಯಾಗಿ ಸುತ್ತಿಕೊಂಡದ್ದು. ಸುತ್ತಿನ ಈಚೆಗೆ ಎಲ್ಲ ಕಪ್ಪು, ಆಚೆಗೆ ಬಿಳಿಚಿದ ಮಾಮೂಲಿ ಮಾಂಸ, ನಡುವೆ ಗೆರೆ ಎಳೆದಂತೆ. ಫಾರ್ಮಲಿನ್ ಇರುವುದೇ ಹಾಗೆ, ಹಾಕಿದಾಗ ಹೇಗಿತ್ತೋ ಹಾಗೆಯೇ ಬಿಗಿಹಿಡಿದು ಉಳಿಸುತ್ತದೆ. ನಿಮ್ಮ ಸುಳ್ಳಿಗೆ ಸಾಕ್ಷಿ ಎಂದು ಇಟ್ಟಿದ್ದೇ ಅಪ್ಪನ ಸಾಕ್ಷಿಯನ್ನು ಜೋಪಾನ ಮಾಡಿಕೊಂಡು ಬಂದಿತ್ತು. ಸುಣ್ಣದವರು ಏಣಿಯ ಮೇಲಿಂದ ನೋಡುತ್ತಿದ್ದರು. ನಾನು ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಹೊಡೆದದ್ದಕ್ಕೇ ತಿರುಚಿರಬಹುದಲ್ಲ ಎಂದು ಈಗ ನಿಮ್ಮ ತಲೆ ಓಡುತ್ತಿರುತ್ತದೆ, ನಿಮ್ಮನ್ನು ನಾನು ಬಲ್ಲೆ. ಉಗ್ರಾಣದಲ್ಲಿ ಅಳಿಯನ ಎಲುಬುಗಳೂ ಇದ್ದವು. ಒಂದೊಂದನ್ನೂ ತೆಗೆದು ನೋಡಿದೆ, ಪಕ್ಕೆಲುಬಿನಲ್ಲಿ ಒಂದು ಬಿರುಕಿಲ್ಲ. ಚರ್ಮದಲ್ಲಾಗಲಿ ಅದರ ಕೆಳಗಿನ ಕೊಬ್ಬಿನಲ್ಲಾಗಲಿ ನೆತ್ತರು ಹೆಪ್ಪುಗಟ್ಟಿದ ಗುರುತು ಇರಲಿಲ್ಲ ಎಂದು ಅವತ್ತು ಕೊಯ್ದ ಡಾಕ್ಟರೇ ಈಗ ಹೇಳುತ್ತಾರೆ. ಇನ್ನೊಂದು ಮಾತು. ಕರುಳು ಅಷ್ಟು ಕಪ್ಪಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ನಿಮ್ಮ ದೋಣಿಯ ಹತ್ತಿರ ಬರುವಾಗಲೇ ಅಳಿಯ ಸಾಯುತ್ತಿತ್ತು. ಹೊಡೆಯುವ ಮಾತು ಹಾಗಿರಲಿ, ಮುದ್ದಿಸಿದ್ದರೂ ಉಳಿಯುತ್ತಿರಲಿಲ್ಲ.

ಹಳೆಯ ಡಾಕ್ಟರನ್ನು ಕರೆಸಿದೆ. ಕೋಲೂರಿಕೊಂಡು ಬಂದರು. ಅವರನ್ನು ಚೆನ್ನಾಗಿ ಬೈಯಬೇಕೆಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವರು ಗ್ಲೌಸ್ ಕೇಳಿದರು, ಜಾಡಿಯೊಳಗೆ ಕೈ ಬಿಟ್ಟು ಆ ಬುಡವನ್ನು ಮುಟ್ಟಿದರು, ಮುಟ್ಟಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. “ನಿಮ್ಮ ಚಿಕ್ಕಪ್ಪ ಹೇಳಿದ್ದು ಕಿವೀಲಿತ್ತಮ್ಮ. ಜನ ನೋಡ್ತಿದ್ರು. ಬುಡ ಮುಟ್ಟದೇನೇ ಎತ್ಬಿಟ್ಟೆ” ಎಂದರು. ಆಮೇಲೆ, “ಎಲ್ಲಿ ಹೇಳ್ಬೇಕೋ ಹೇಳು, ಬಂದು ಹೇಳ್ತೀನಿ” ಎಂದರು. ಜೋಡಿಸಿಟ್ಟಿದ್ದ ಬೈಗುಳಗಳು ನನ್ನಲ್ಲೇ ಉಳಿದವು. ಅವನ್ನೆಲ್ಲ ಈಗ ನಿಮ್ಮ ಲೆಕ್ಕಕ್ಕೆ ಸೇರಿಸಿದ್ದೇನೆ.

ಅಪ್ಪನಿಗೆ ಹೇಳಿದ ದಿನದ ಬಗ್ಗೆ ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಒದ್ದೆ ಬಟ್ಟೆಯೊಂದನ್ನು ಹಿಂಡಿ ತೋರಿಸಿ, ಹೀಗೆ ಆಗಿತ್ತು ಅಪ್ಪ ಎಂದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು, “ಬಹಳ ನೋವಾಗಿತ್ತಾ ಅದಕ್ಕೆ?” ಎಂದು. ಹೌದು ಎಂದೆ. ನನ್ನ ಕೈಯಿಂದ ಆ ಬಟ್ಟೆ ತೆಗೆದುಕೊಂಡು, “ಹಂಗಾದ್ರೆ ನನ್ನ ಕೋಲು ಅದರ ಗಂಟಲು ಒತ್ತಲಿಲ್ಲ, ಅಲ್ವಾ?” ಎಂದರು.

ಓದಿದಿರಾ ಚಿಕ್ಕಪ್ಪ? ಇನ್ನೊಮ್ಮೆ ಓದಿ. ನೀವು ಹೇಳಿದ ಸುಳ್ಳನ್ನು ಊರು ಇಷ್ಟು ವರ್ಷ ಆಡಿ ಆಡಿ, ಕೊನೆಗೆ ಅಪ್ಪನೇ ಅದನ್ನು ಅರ್ಧ ನಂಬಿದ್ದರು. ಹೊಡೆದಿಲ್ಲ ಎಂದು ಅವರಿಗೆ ಗೊತ್ತು. ಆದರೆ ಉಳಿಸಲು ಎತ್ತಿ ಹಿಡಿದೆನಲ್ಲ, ಅದರಿಂದಲೇ ಉಸಿರು ಕಟ್ಟಿ ಸತ್ತಿತೇನೋ ಎಂಬ ಹುಳ ಅವರನ್ನು ಒಳಗಿನಿಂದ ತಿಂದಿತ್ತು. ಅದಕ್ಕೇ ಅವರು ಅಮ್ಮನಿಗೆ ‘ಇಲ್ಲ’ ಎಂದು ಎದೆ ತಟ್ಟಿ ಹೇಳಲಿಲ್ಲ. ನಿಮಗೆ ಒಂದು ಮಾತು ಸಾಕಾಗಿತ್ತು. ‘ಅಣ್ಣ ಎತ್ತಿ ಹಿಡಿದಿದ್ದ’ ಎಂದು ಯಾವತ್ತಾದರೂ, ಯಾರಿಗಾದರೂ, ಗುಟ್ಟಾಗಿಯಾದರೂ ಹೇಳಿದ್ದರೆ ಅಮ್ಮ ನೆಮ್ಮದಿಯಿಂದ ಹೋಗುತ್ತಿದ್ದಳು.

ಈಗ ಸಭೆ. ಸಂಘದ ಸಭಾಂಗಣದಲ್ಲಿ ಮೆತ್ತೆ ಹಾಕಿದ ನಿಮ್ಮ ಅಧ್ಯಕ್ಷರ ಕುರ್ಚಿ ಖಾಲಿ ಇತ್ತು. ಜ್ವರಕ್ಕೆ ಹೇಗೆ ಗೊತ್ತಾಯಿತೋ ಆ ದಿನವೇ ಬರಬೇಕೆಂದು! ಜಾಡಿಯನ್ನು ನಿಮ್ಮ ಮೇಜಿನ ಮೇಲೇ ಇಟ್ಟೆವು, ಹಿಂಭಾಗ ಜನರ ಕಡೆಗೆ. ನಾನು ಮಾತಾಡಲಿಲ್ಲ. ಮಗಳು ಅಪ್ಪನ ಪರ ಎಂದು ನಾಳೆ ನೀವು ಹೇಳಬಾರದಲ್ಲ. ಡಾಕ್ಟರು ಎದ್ದು ನಿಂತು ಎಲ್ಲವನ್ನೂ ಹೇಳಿದರು, ತಮ್ಮ ತಪ್ಪನ್ನೂ ಬಿಡದೆ. ಒಬ್ಬೊಬ್ಬರಾಗಿ ಬಂದು ನೋಡಿದರು. ನಿಮ್ಮ ಹಗ್ಗ ಹಿಡಿದು ದೊಡ್ಡವರಾದ ಹುಡುಗರೂ ನೋಡಿದರು. ಕಾರ್ಯದರ್ಶಿ, ಅವರೇ ನಿಮ್ಮ ಮೀಸೆ ಅಣ್ಣ, ಜಾಡಿಯ ಮುಂದೆ ನಿಂತು “ಥೂ” ಎಂದರು. ಅದು ಯಾರಿಗೆಂದು ಯಾರೂ ಕೇಳಲಿಲ್ಲ. “ನಾಳೆಯಿಂದ್ಲೇ ಅವನ ಕೈಯಿಂದ ದೋಣಿ ಕಿತ್ಕೊಳ್ಳೋಣ” ಎಂದು ಮೀಸೆ ಅಣ್ಣನೇ ಶುರು ಮಾಡಿದರು. ಸಭಾಂಗಣದ ತುಂಬ ಕೈಗಳು ಎದ್ದವು.

ಆಗ ಅಪ್ಪ ಎದ್ದರು. ಅವರು ಆ ಸಭಾಂಗಣಕ್ಕೆ ಕಾಲಿಟ್ಟದ್ದು ಆ ಘಟನೆಯ ನಂತರ ಅದೇ ಮೊದಲು. “ಬೇಡ” ಎಂದರು. “ದೋಣಿ ಅವ್ನೇ ನಡೆಸ್ಲಿ. ನಂಗೆ ಕಣ್ಣು ಮಂಜು, ಚುಕ್ಕಾಣಿ ಹಿಡಿಯಕ್ಕಾಗಲ್ಲ. ನಂಗೊಂದು ಸೀಟು ಕೊಡ್ಸಿ ಸಾಕು.” ಯಾವ ಸೀಟು ಎಂದು ಮೀಸೆ ಅಣ್ಣ ಕೇಳಿದರು. “ಹೊಗೆ ಬರೋ ಬೆಂಚು. ಚುಕ್ಕಾಣಿ ಎದುರಿಗೆ ಇದ್ಯಲ್ಲ, ಅದು” ಎಂದರು ಅಪ್ಪ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮೀಸೆ ಅಣ್ಣ ನಕ್ಕ ನಗು ನಿಮ್ಮ ಮನೆಯ ಹಾಸಿಗೆಗೂ ಕೇಳಿಸಿರಬೇಕು.

ನಾನು ಅಪ್ಪನನ್ನು ಸಾಧು ಎಂದುಕೊಂಡಿದ್ದೆ. ನನ್ನ ಸಿಟ್ಟೆಲ್ಲ ಅಮ್ಮನ ಕಡೆಯದು ಎಂದುಕೊಂಡಿದ್ದೆ. ಅಲ್ಲ, ಅದು ಅಪ್ಪನದೇ. ಅವರದು ಮಂಜುಗಡ್ಡೆಯ ಕೆಳಗೆ ಇಟ್ಟ ಸರಕಿನಂತೆ ಒಂದಿಷ್ಟೂ ಕೆಡದೆ ಇತ್ತು.

ಸಂಘ ತೀರ್ಮಾನಿಸಿದ್ದು ಇಷ್ಟು. ಅಧ್ಯಕ್ಷರ ಕುರ್ಚಿ ಮೀಸೆ ಅಣ್ಣನಿಗೆ. ಬೆಳಗಿನ ಮೊದಲ ದೋಣಿಯನ್ನು ನೀವೇ ನಡೆಸಬೇಕು, ಬೇರೆಯವರ ಕೈಗೆ ಕೊಡುವಂತಿಲ್ಲ. ಆ ಬೆಂಚು ಅಪ್ಪನದು, ಇರುವಷ್ಟು ಕಾಲ. ಬಿಡುಗಡೆ ಬೇಕಾದರೆ ದಾರಿ ಇದೆ, ಅದನ್ನೂ ಅಪ್ಪನೇ ಹೇಳಿದರು. ಜನ ತುಂಬಿದ ಹೊತ್ತಿನಲ್ಲಿ ಜೆಟ್ಟಿಯ ಅದೇ ಜಾಗದಲ್ಲಿ ನಿಂತು, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ, ನಿಮ್ಮ ಕಣ್ಣು ನಿಜವಾಗಿ ನೋಡಿದ್ದೇನು ಎಂದು ಹೇಳಿಬಿಡಿ. ಅವತ್ತೇ ಚುಕ್ಕಾಣಿ ಬಿಡಬಹುದು. ಮಗಳನ್ನು ಕಳಿಸಿದರೆ ಆಗುವುದಿಲ್ಲ, ಬಾಯಿ ನಿಮ್ಮದೇ ಆಗಬೇಕು.

ನೀವು ಹೇಳುವುದಿಲ್ಲ ಎಂದು ನನಗೆ ಗೊತ್ತು. ಹೇಳದಿರಲಿ ಎಂದೂ ನನ್ನ ಆಸೆ. ಅಪ್ಪನಿಗೆ ಆ ದೋಣಿಯಲ್ಲಿ ಕೂರುವ ಆಸೆ ಇನ್ನೂ ತೀರಿಲ್ಲ. ನಾನು ವಸ್ತುಸಂಗ್ರಹಾಲಯದ ಗೋಡೆಯಿಂದ ಕೋಲು ತಂದುಕೊಟ್ಟಿದ್ದೇನೆ. ಕೊಕ್ಕೆ ಕಳಚಿಸಿ, ಮಂಡಿನೋವಿಗೆ ಊರಿಕೊಳ್ಳುವಷ್ಟು ಉದ್ದಕ್ಕೆ ಕತ್ತರಿಸಿಕೊಂಡಿದ್ದಾರೆ. ಅದನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂರುತ್ತಾರೆ. ಏನೂ ಮಾತಾಡುವುದಿಲ್ಲ, ಬೈಯುವುದಿಲ್ಲ, ಕೇಳುವುದೂ ಇಲ್ಲ. ಆಚೆ ದಡದವರೆಗೆ ನಿಮ್ಮ ಮುಖ ನೋಡುತ್ತಾರೆ, ಅದೇ ದೋಣಿಯಲ್ಲಿ ತಿರುಗಿ ಬರುತ್ತಾರೆ. ದೋಣಿಯ ಜನ ಇಬ್ಬರನ್ನೂ ನೋಡುತ್ತಿರುತ್ತಾರೆ.

ಹಾಗಾಗಿ ಚಿಕ್ಕಪ್ಪ, ನಿಮ್ಮ ಜ್ವರ ಬೇಗ ಬಿಡಲಿ. ಗಂಜಿ ಕುಡಿಯಿರಿ, ಮಾತ್ರೆ ತಪ್ಪಿಸಬೇಡಿ. ನಿಮಗೆ ದೀರ್ಘಾಯುಷ್ಯ ಸಿಗಲಿ, ಅಪ್ಪನಿಗಿಂತ ಒಂದು ದಿನ ಹೆಚ್ಚೇ ಸಿಗಲಿ. ಕೈ ನಡುಗದಿರಲಿ. ಕಣ್ಣು ಅಪ್ಪನ ಕಣ್ಣಿನ ಹಾಗೆ ಮಂಜಾಗದೆ, ಎದುರಿಗೆ ಕೂತವರ ಮುಖ ಚೆನ್ನಾಗಿ ಕಾಣುತ್ತಿರಲಿ. ಮನಸ್ಸಿನ ಬುಡದಿಂದ ಹರಸುತ್ತಿದ್ದೇನೆ.

ಸೋಮವಾರದಿಂದ ಅಪ್ಪ ಬರುತ್ತಾರೆ. ಮೆಟ್ಟಿಲು ಪಾಚಿ ಕಟ್ಟಿದೆ, ಜಾರುತ್ತದೆ. ಹತ್ತುವಾಗ ಕೈ ಹಿಡಿದು ಎತ್ತಿಕೊಳ್ಳಿ.

ಇಂತಿ,
ನಿಮ್ಮ ಅಣ್ಣನ ಮಗಳು